ಸಿದ್ಧ ಕೋಡೋ, ಸ್ವಂತ ಕೋಡೋ?

1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೋ ಒಂದು ಸಮ್ಮೇಳನ ಕರೆಯಿತು. ಸಾಫ್ಟ್‌ವೇರ್ ಕೆಲಸ ಹೇಳಿದ ಹೊತ್ತಿಗೆ ಮುಗಿಯುವುದಿಲ್ಲ, ಹೇಳಿದ ದುಡ್ಡಿಗೂ ಮುಗಿಯುವುದಿಲ್ಲ, ಮುಗಿದ ಮೇಲೂ ನೆಚ್ಚಿಕೊಳ್ಳುವಂತಿರುವುದಿಲ್ಲ ಎಂಬ ದೂರು ಆಗಲೇ ದೊಡ್ಡದಾಗಿತ್ತು. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹುಮಟ್ಟಿಗೆ ಆ ಸಭೆಯಿಂದಲೇ. ಬೆಲ್ ಲ್ಯಾಬ್ಸ್‌ನ ಡಗ್ ಮೆಕಿಲ್ರಾಯ್ ಅಲ್ಲೊಂದು ಪ್ರಬಂಧ ಓದಿದರು. ಬೇರೆ ಉದ್ಯಮಗಳಲ್ಲಿ ಬಿಡಿಭಾಗಗಳ ಕ್ಯಾಟಲಾಗ್ ಇದೆ, ಬೇಕಾದ ಅಳತೆಯದನ್ನು ಆರಿಸಿ ತಂದು ಜೋಡಿಸುತ್ತಾರೆ. ನಾವು ಮಾತ್ರ ತ್ರಿಕೋನಮಿತಿಯ ಸೈನ್ ಲೆಕ್ಕ ಹಾಕುವ ಪುಟ್ಟ ರುಟೀನನ್ನೂ ಊರೂರಿನಲ್ಲಿ ಮತ್ತೆ ಮತ್ತೆ ಬರೆಯುತ್ತಿದ್ದೇವೆ, ಏಕೆ ಎಂಬುದು ಅವರ ಪ್ರಶ್ನೆ.

ಅವರು ಕೇಳಿದ್ದ ಕ್ಯಾಟಲಾಗ್ ಈಗ ಬಂದಿದೆ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಬಂದಿದೆ. ಬೆಂಗಳೂರಿನ ಯಾವುದೇ ಕಂಪನಿಯಲ್ಲಿ ಹೊಸ ಪ್ರಾಜೆಕ್ಟ್ ಶುರುವಾಗಲಿ, ನಮ್ಮ ತಂಡದವರು ಮೊದಲ ಸಾಲು ಬರೆಯುವ ಮೊದಲೇ ಅಪರಿಚಿತರು ಬರೆದ ನೂರಾರು ಪ್ಯಾಕೇಜುಗಳು ಇಳಿದಿರುತ್ತವೆ. ಆದರೂ ಹಳೆಯ ಜಗಳ ನಿಂತಿಲ್ಲ. ಇದ್ದದ್ದನ್ನು ಬಳಸಿ ಮುಂದೆ ಹೋಗೋಣ ಎನ್ನುವವರು ಒಂದು ಕಡೆ. ‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ನಮ್ಮ ಗಾದೆಯನ್ನೇ ನಂಬಿದವರು ಇನ್ನೊಂದು ಕಡೆ. ಎರಡೂ ಕಡೆಯವರ ಹತ್ತಿರ ಬರೀ ಮಾತಲ್ಲ, ಪುರಾವೆಯೂ ಇದೆ.

ಮೊದಲು ಮರುಬಳಕೆಯ ಪರವಾದ ಲೆಕ್ಕ. 1994ರಲ್ಲಿ ವೇನ್ ಲಿಮ್ ಅವರು ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎರಡು ವಿಭಾಗಗಳ ಅಂಕಿಅಂಶ ಪ್ರಕಟಿಸಿದರು. ಅವುಗಳಲ್ಲೊಂದರಲ್ಲಿ ಹೊಸದಾಗಿ ಬರೆದ ಕೋಡಿನಲ್ಲಿ ಸಾವಿರ ಸಾಲಿಗೆ 4.1 ದೋಷಗಳಿದ್ದವು, ಮರುಬಳಸಿದ ಕೋಡಿನಲ್ಲಿ 0.9. ಎರಡೂ ಬೆರೆತ ಉತ್ಪನ್ನದಲ್ಲಿ ದೋಷದ ಪ್ರಮಾಣ ಅರ್ಧಕ್ಕರ್ಧ ಇಳಿದಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತು ಕಡೆ ಓಡಿದ ಕೋಡಿನ ತಪ್ಪುಗಳನ್ನು ಹತ್ತು ಜನ ಕಂಡು ತಿದ್ದಿರುತ್ತಾರೆ.

ಹತ್ತು ವರ್ಷದ ನಂತರ, 2004ರಲ್ಲಿ, ಎರಿಕ್ಸನ್ ಕಂಪನಿಯ ಟೆಲಿಕಾಂ ವ್ಯವಸ್ಥೆಯೊಂದನ್ನು ನಾರ್ವೆಯ ಸಂಶೋಧಕರು ಪರಿಶೀಲಿಸಿದಾಗಲೂ ಮರುಬಳಕೆಯ ಭಾಗಗಳಲ್ಲೇ ದೋಷದ ಸಾಂದ್ರತೆ ಕಡಿಮೆ ಕಂಡಿತು. ಆದರೆ ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇತ್ತು, ಅದನ್ನು ಮರುಬಳಕೆಯ ಪ್ರಚಾರಕರು ಸಾಮಾನ್ಯವಾಗಿ ಎತ್ತುವುದಿಲ್ಲ. ಆ ಭಾಗಗಳಲ್ಲಿ ಸಿಕ್ಕ ಕೆಲವೇ ದೋಷಗಳ ಪೈಕಿ ಅತಿ ಗಂಭೀರವಾದವುಗಳ ಪಾಲು ಹೆಚ್ಚಿತ್ತು. ಎಲ್ಲರೂ ಆತು ನಿಂತ ಕಂಬದಲ್ಲಿ ಬಿರುಕು ಅಪರೂಪ, ಬಿಟ್ಟರೆ ಎಲ್ಲರಿಗೂ ಪೆಟ್ಟು. ಈ ಎರಡು ಸತ್ಯಗಳನ್ನು ಒಟ್ಟಿಗೇ ಹಿಡಿದುಕೊಳ್ಳದೆ ಈ ವಿಷಯದಲ್ಲಿ ನ್ಯಾಯವಾಗಿ ಮಾತಾಡಲು ಆಗುವುದಿಲ್ಲ.

ಮರುಬಳಕೆ ನಮಗೇನು ಕೊಟ್ಟಿದೆ ಎಂದು ಕನ್ನಡದ ಓದುಗರಿಗೆ ತೋರಿಸಲು ದೂರ ಹೋಗಬೇಕಿಲ್ಲ, ನೀವು ಓದುತ್ತಿರುವ ಅಕ್ಷರಗಳೇ ಸಾಕು. ‘ಸೂರ್ಯ’ ಎಂಬ ಪದ ನೋಡಿ. ಯೂನಿಕೋಡಿನಲ್ಲಿ ಇದು ಸಕಾರ, ಊಕಾರದ ಚಿಹ್ನೆ, ರಕಾರ, ಹಲಂತ, ಯಕಾರ ಎಂದು ಉಚ್ಚರಿಸುವ ಕ್ರಮದಲ್ಲಿ ಕೂತಿರುತ್ತದೆ. ತೆರೆಯ ಮೇಲೆ ಮೂಡುವಾಗ ಮಾತ್ರ ರಕಾರ ಅರ್ಕಾವತ್ತಾಗಿ ಯಕಾರವನ್ನು ದಾಟಿ ಬಲಕ್ಕೆ ಹೋಗಬೇಕು. ‘ರ‍್ಯಾಂಕ್’ ಎಂಬಲ್ಲಿ ಹಾಗಾಗಕೂಡದು. ಅಲ್ಲಿ ರಕಾರ ಪೂರ್ತಿಯಾಗಿ ನಿಂತು ಯಕಾರ ಅದರ ಕೆಳಗೆ ಒತ್ತಾಗಬೇಕು. ಇದಕ್ಕಾಗಿ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇಡಬೇಕೆಂಬುದು ನಿಯಮ. ಇಂಥ ಹತ್ತಾರು ನಿಯಮಗಳನ್ನು ಒಂದೊಂದು ಬ್ರೌಸರಿನವರೂ, ಒಂದೊಂದು ಆ್ಯಪಿನವರೂ ತಾವೇ ಕಲಿತು ತಾವೇ ಬರೆಯಬೇಕಾಗಿದ್ದರೆ ಕನ್ನಡಕ್ಕೆ ಸರದಿ ಎಂದು ಬರುತ್ತಿತ್ತೋ!

ಈಗ ಆ ಕೆಲಸವನ್ನು ಹಾರ್ಫ್‌ಬಜ್ ಎಂಬ ಒಂದು ಮುಕ್ತ ಲೈಬ್ರರಿ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುತ್ತವೆ. ಕನ್ನಡದ ಒಂದು ಒತ್ತಕ್ಷರದ ತಪ್ಪನ್ನು ಅಲ್ಲಿ ಒಮ್ಮೆ ತಿದ್ದಿದರೆ ಆ ತಿದ್ದುಪಡಿ ಕೋಟಿಗಟ್ಟಲೆ ಫೋನುಗಳಿಗೆ ಹರಿದು ಬರುತ್ತದೆ. ಯೂನಿಕೋಡ್ ನೆಲೆಯೂರುವ ಮೊದಲಿನ ಪಾಡು ನೆನಪಿರುವವರಿಗೆ ಇದರ ಬೆಲೆ ಗೊತ್ತು. ಒಂದೊಂದು ಡಿಟಿಪಿ ತಂತ್ರಾಂಶಕ್ಕೆ ಒಂದೊಂದು ಅಕ್ಷರಸಂಕೇತ. ಶ್ರೀಲಿಪಿಯಲ್ಲಿ ಕೂಡಿಸಿದ್ದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು. ನುಡಿ, ಬರಹ ಬಂದ ಮೇಲೆ ಗೊಂದಲ ಕೊಂಚ ತಗ್ಗಿತು. ಹಳೆಯ ಕಡತಗಳನ್ನು ಯೂನಿಕೋಡಿಗೆ ತಿರುಗಿಸುವ ಕೆಲಸ ಪ್ರಕಾಶಕರ ಕಚೇರಿಗಳಲ್ಲಿ ಈಗಲೂ ನಡೆದೇ ಇದೆ. ಎಲ್ಲರೂ ತಮ್ಮತಮ್ಮದನ್ನೇ ಬರೆದುಕೊಂಡಾಗ ಒಂದು ಭಾಷೆ ತೆತ್ತ ಬೆಲೆ ಅದು.

ಇದೇ ನಾಣ್ಯದ ಇನ್ನೊಂದು ಮುಖ 2018ರ ಫೆಬ್ರುವರಿಯಲ್ಲಿ ಕಂಡಿತು, ಅದೂ ನಮ್ಮ ಪಕ್ಕದ ಮನೆಯಲ್ಲೇ. ತೆಲುಗಿನ ‘ಜ್ಞಾ’ ಅಕ್ಷರವನ್ನು ಒಂದು ನಿರ್ದಿಷ್ಟ ಸಂಕೇತಕ್ರಮದಲ್ಲಿ ಬರೆದು ಕಳಿಸಿದರೆ ಐಫೋನಿನಲ್ಲಿ ಆ ಸಂದೇಶ ತೆರೆದ ಆ್ಯಪ್ ಕುಸಿದು ಬೀಳುತ್ತಿತ್ತು. ಇದು ಒಂದು ಆ್ಯಪಿನ ತಪ್ಪಾಗಿರಲಿಲ್ಲ. ಅಕ್ಷರ ಮೂಡಿಸಲು ಎಲ್ಲ ಆ್ಯಪುಗಳೂ ಆ್ಯಪಲ್‌ನ ಒಂದೇ ಘಟಕವನ್ನು ನೆಚ್ಚಿದ್ದವು, ತಪ್ಪು ಇದ್ದದ್ದು ಅದರಲ್ಲಿ. ಹಾಗಾಗಿ ಎಲ್ಲವೂ ಒಟ್ಟಿಗೆ ಬಿದ್ದವು. ಕೆಲವೇ ದಿನಗಳಲ್ಲಿ ಆ್ಯಪಲ್ ಐಫೋನಿನ ತಂತ್ರಾಂಶದ 11.2.6 ಆವೃತ್ತಿ ಬಿಡುಗಡೆ ಮಾಡಿತು, ಎಲ್ಲವೂ ಒಟ್ಟಿಗೇ ಸರಿಹೋದವು.

ಮರುಬಳಕೆಯನ್ನು ಅನುಮಾನದಿಂದ ನೋಡುವವರು ಮೊದಲು ಎತ್ತುವ ಹೆಸರು ಏರಿಯಾನ್ 5. ಈ ಕಥೆಯನ್ನು ಹೇಳುವವರು ಬಹಳ, ವಿವರ ನೋಡುವವರು ಕಡಿಮೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಹೊಸ ರಾಕೆಟ್ ಮೊದಲ ಬಾರಿಗೆ ಹಾರಿತು. ಒಡಲಲ್ಲಿ ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ನಾಲ್ಕು ಕ್ಲಸ್ಟರ್ ಉಪಗ್ರಹಗಳಿದ್ದವು. ಸುಮಾರು 37 ಸೆಕೆಂಡು ಎಲ್ಲವೂ ಸರಿಯಿತ್ತು. ಆಮೇಲೆ ರಾಕೆಟ್ ತಟ್ಟನೆ ಒಂದು ಕಡೆಗೆ ವಾಲಿತು, ಗಾಳಿಯ ಒತ್ತಡಕ್ಕೆ ಬಿರಿಯತೊಡಗಿ ತನ್ನನ್ನು ತಾನೇ ಸ್ಫೋಟಿಸಿಕೊಂಡಿತು.

ರಾಕೆಟ್ ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಹೋಗುತ್ತಿದೆ ಎಂದು ಹೇಳುವ ಉಪಕರಣದ ಸಾಫ್ಟ್‌ವೇರ್ ಏರಿಯಾನ್ 4ರಿಂದ ಬಂದದ್ದು, ಅಲ್ಲಿ ಚೆನ್ನಾಗಿಯೇ ಓಡಿದ್ದು. ಅದರಲ್ಲಿ ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಒಂದು ಮೌಲ್ಯವನ್ನು 64 ಬಿಟ್‌ಗಳ ದಶಮಾಂಶ ಸಂಖ್ಯೆಯಿಂದ 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುವ ಜಾಗವಿತ್ತು. 16 ಬಿಟ್‌ನಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಏರಿಯಾನ್ 4 ಆ ಗಡಿ ಮುಟ್ಟುವ ಸಂಭವವೇ ಇರಲಿಲ್ಲ. ಏರಿಯಾನ್ 5 ಹೆಚ್ಚು ಬಲಶಾಲಿ, ಅದರ ಹಾರುಪಥ ಬೇರೆ, ಅಡ್ಡ ವೇಗ ಬಹಳ ಬೇಗ ಏರುತ್ತದೆ. ಸಂಖ್ಯೆ ಗಡಿ ದಾಟಿತು, ಕಂಪ್ಯೂಟರ್ ಕೈಚೆಲ್ಲಿತು. ಆಪತ್ತಿಗೆಂದು ಇಟ್ಟಿದ್ದ ಎರಡನೇ ಕಂಪ್ಯೂಟರಿನಲ್ಲೂ ಇದ್ದದ್ದು ಅದೇ ಸಾಫ್ಟ್‌ವೇರ್, ಅದು ಅರೆಕ್ಷಣ ಮೊದಲೇ ಅದೇ ಕಾರಣಕ್ಕೆ ನಿಂತುಹೋಗಿತ್ತು. ಕೆಟ್ಟುನಿಂತ ಉಪಕರಣ ಕಳಿಸಿದ ದೋಷಸೂಚನೆಯನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿಯೆಂದೇ ತಿಳಿದು ಎಂಜಿನ್ ನಳಿಕೆಗಳನ್ನು ಪೂರ್ತಿ ತಿರುಗಿಸಿತು.

ಹೊಟ್ಟೆ ಉರಿಯುವುದು ಮುಂದಿನ ವಿವರಕ್ಕೆ. ತಪ್ಪು ನಡೆದ ಆ ಲೆಕ್ಕ ರಾಕೆಟ್ ನೆಲ ಬಿಟ್ಟ ಮೇಲೆ ಏರಿಯಾನ್ 5ಕ್ಕೆ ಬೇಕಾಗಿಯೇ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಕ್ಷಣಗಣನೆ ತಡೆಹಿಡಿದರೆ ಬೇಗ ಮತ್ತೆ ಶುರುಮಾಡಲು ಅನುಕೂಲವಾಗಲೆಂದು ಹಿಂದಿನ ಏರಿಯಾನ್‌ಗಳಲ್ಲಿ ಅದನ್ನು ಹಾರಿದ ಮೇಲೂ ಸುಮಾರು 40 ಸೆಕೆಂಡು ಓಡಲು ಬಿಟ್ಟಿದ್ದರು. ಹೊಸ ರಾಕೆಟ್ಟಿಗೆ ಆ ಅಗತ್ಯ ಇರಲಿಲ್ಲ. ಚೆನ್ನಾಗಿ ಓಡುತ್ತಿರುವುದನ್ನು ಸುಮ್ಮನೆ ಮುಟ್ಟುವುದೇಕೆಂದು ಹಾಗೇ ಉಳಿಸಿಕೊಂಡರು.

ಹಾಗಾದರೆ ಮರುಬಳಕೆಯೇ ತಪ್ಪಿತಸ್ಥನೇ? ಜಾಕ್-ಲೂಯಿ ಲಿಯಾನ್ಸ್ ಅಧ್ಯಕ್ಷತೆಯ ತನಿಖಾ ಮಂಡಳಿಯ ವರದಿಯನ್ನು ಓದಿದರೆ ತೀರ್ಪು ಅಷ್ಟು ಸಲೀಸಲ್ಲ. ಗಡಿ ದಾಟುವ ಅಪಾಯವಿದ್ದ ಏಳು ಮೌಲ್ಯಗಳಲ್ಲಿ ನಾಲ್ಕಕ್ಕೆ ರಕ್ಷಣೆ ಕೊಟ್ಟು ಮೂರನ್ನು ಬಿಟ್ಟಿದ್ದರು. ಪ್ರೊಸೆಸರಿನ ಹೊರೆ ಶೇಕಡಾ 80 ಮೀರಬಾರದೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಏರಿಯಾನ್ 5ರ ಹಾರುಪಥದ ಮಾಹಿತಿಯನ್ನು ಆ ಉಪಕರಣದ ಅಗತ್ಯಗಳ ಪಟ್ಟಿಗೆ ಸೇರಿಸಿರಲಿಲ್ಲ, ಆ ಪಥ ಕೊಟ್ಟು ಅದನ್ನು ಪರೀಕ್ಷಿಸಿಯೂ ಇರಲಿಲ್ಲ. ಅಂದರೆ ಕೋಡ್ ಹೊಸ ಮನೆಗೆ ಬಂತು, ಅದರ ಹಿಂದಿನ ಷರತ್ತುಗಳು ಹಳೆಯ ಮನೆಯಲ್ಲೇ ಉಳಿದವು. ಎಲ್ಲವನ್ನೂ ಹೊಸದಾಗಿ ಬರೆಯಲು ಕೂತಿದ್ದರೂ ಅದೇ ಪರೀಕ್ಷೆ ಬಿಟ್ಟುಹೋಗಿದ್ದರೆ ಬೇರೊಂದು ತಪ್ಪು ಅದೇ ರಾಕೆಟ್ಟನ್ನು ಬೀಳಿಸಬಹುದಿತ್ತು. 1997ರಲ್ಲಿ ಜೆಜೆಕೆಲ್ ಮತ್ತು ಬರ್ಟ್ರಾಂಡ್ ಮೇಯರ್ ಇದೇ ನಿಲುವಿನ ಲೇಖನ ಬರೆದರು: ಪ್ರತಿ ಘಟಕದೊಂದಿಗೂ ಅದರ ಷರತ್ತುಗಳು ಕೋಡಿನಲ್ಲೇ ಬರೆದಿರಬೇಕು, ಅದಿಲ್ಲದ ಮರುಬಳಕೆ ಅಪಾಯ ಎಂದು. ಹಾಗೆ ಬರೆದಿದ್ದರೂ ಹೊಸ ಪಥದ ಪರೀಕ್ಷೆಯೇ ನಡೆಯದಿದ್ದಾಗ ಯಾವ ಪ್ರಯೋಜನ ಎಂದು ಅವರನ್ನು ಪ್ರಶ್ನಿಸಿದವರೂ ಇದ್ದಾರೆ. ನನಗೆ ಇಬ್ಬರ ಮಾತೂ ಸರಿ ಕಾಣುತ್ತದೆ: ಷರತ್ತು ಬರೆದಿಡದೆ ಪರೀಕ್ಷಿಸುವವನಿಗೆ ಏನನ್ನು ನೋಡಬೇಕೆಂದು ತಿಳಿಯುವುದಿಲ್ಲ, ಪರೀಕ್ಷಿಸದಿದ್ದರೆ ಬರೆದಿಟ್ಟ ಷರತ್ತು ಕಾಗದದಲ್ಲೇ ಇರುತ್ತದೆ.

ಥೆರಾಕ್-25 ಇನ್ನೂ ಕಠೋರ. ಕೆನಡಾದಲ್ಲಿ ತಯಾರಾದ ಈ ವಿಕಿರಣ ಚಿಕಿತ್ಸಾ ಯಂತ್ರದಿಂದ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಅದರ ಸಾಫ್ಟ್‌ವೇರಿನ ಭಾಗಗಳು ಹಿಂದಿನ ಥೆರಾಕ್-20ರಲ್ಲೂ ಇದ್ದವು. ಆ ಹಳೆಯ ಯಂತ್ರದಲ್ಲೂ ಅದೇ ತಪ್ಪು ಇತ್ತು. ಆದರೆ ಅದಕ್ಕೆ ಸಾಫ್ಟ್‌ವೇರಿನ ಹಂಗಿಲ್ಲದ ಯಾಂತ್ರಿಕ ತಡೆಗಳಿದ್ದವು, ತಪ್ಪು ನಡೆದಾಗ ಫ್ಯೂಸ್ ಹಾರುತ್ತಿತ್ತು, ರೋಗಿ ಉಳಿಯುತ್ತಿದ್ದ. ಹೊಸ ಯಂತ್ರದಲ್ಲಿ ಆ ತಡೆಗಳನ್ನು ತೆಗೆದು ಕೆಲಸವನ್ನು ಸಾಫ್ಟ್‌ವೇರಿಗೆ ವಹಿಸಿದರು. ಹಳೆಯ ಕೋಡ್ ವರ್ಷಗಟ್ಟಲೆ ಸುರಕ್ಷಿತವಾಗಿ ಓಡಿದೆ ಎಂಬ ನಂಬಿಕೆ ಹುಸಿಯಾಗಿತ್ತು, ಸುರಕ್ಷಿತವಾಗಿದ್ದದ್ದು ಕೋಡಲ್ಲ, ಫ್ಯೂಸು. ಚೆನ್ನಾಗಿ ಪಳಗಿದ ಕೋಡ್ ಎಂಬ ಮಾತನ್ನು ಯಾರಾದರೂ ಆಡಿದಾಗ, ಎಲ್ಲಿ ಪಳಗಿದ್ದು, ಯಾರ ಕಾವಲಿನಲ್ಲಿ ಪಳಗಿದ್ದು ಎಂದು ಕೇಳುವ ಹಕ್ಕು ನಮಗಿದೆ.

ಪ್ರಾಣದ ಪ್ರಶ್ನೆಯಿಲ್ಲದ, ಬರೀ ಹಣ ಮತ್ತು ಸಮಯದ ನಷ್ಟವೂ ಸಣ್ಣದಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗಾರ್ಲನ್ ಮತ್ತು ಸಂಗಡಿಗರು ಈಸಪ್ ಎಂಬ ಪ್ರೋಗ್ರಾಮಿಂಗ್ ಪರಿಸರವನ್ನು ಕಟ್ಟಲು ಹೊರಟರು. ಡೇಟಾಬೇಸ್, ಚಿತ್ರಪರದೆಯ ಪರಿಕರ, ಸಂದೇಶ ಸಾಗಿಸುವ ವ್ಯವಸ್ಥೆ ಹೀಗೆ ನಾಲ್ಕು ಸಿದ್ಧ ಭಾಗಗಳನ್ನು ಜೋಡಿಸಿದರೆ ಆರು ತಿಂಗಳಲ್ಲಿ, ಒಬ್ಬನ ಒಂದು ವರ್ಷದ ದುಡಿಮೆಯಲ್ಲಿ ಮುಗಿಯುತ್ತದೆ ಎಂದು ಅಂದಾಜಿಸಿದ್ದರು. ಹಿಡಿದದ್ದು ಎರಡು ವರ್ಷ, ಹೆಚ್ಚೂಕಡಿಮೆ ಐದು ಜನವರ್ಷದ ದುಡಿಮೆ. ಬಿಡಿಬಿಡಿಯಾಗಿ ಎಲ್ಲವೂ ಒಳ್ಳೆಯ ಭಾಗಗಳೇ. ಆದರೆ ಕಾರ್ಯಕ್ರಮದ ಹಿಡಿತ ತನ್ನ ಕೈಯಲ್ಲೇ ಇದೆ ಎಂದು ಒಂದಕ್ಕಿಂತ ಹೆಚ್ಚು ಭಾಗಗಳು ಭಾವಿಸಿದ್ದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾಸಾದ ಒಂದು ಪ್ರಯೋಗಾಲಯದ ಸುಮಾರು ಮೂರು ಸಾವಿರ ಘಟಕಗಳನ್ನು ನೋಡಿದ ರಿಚರ್ಡ್ ಸೆಲ್ಬಿಯವರ ಅಧ್ಯಯನವನ್ನು ಬ್ಯಾರಿ ಬೋಮ್ ತಮ್ಮ ಖರ್ಚಿನ ಸೂತ್ರಕ್ಕೆ ಆಧಾರವಾಗಿಟ್ಟುಕೊಂಡರು. ಅದರ ಪ್ರಕಾರ ಒಂದಕ್ಷರ ಬದಲಿಸದೆ ಬಳಸಿದರೂ ಹುಡುಕಿ, ಅಳೆದು, ಅರ್ಥ ಮಾಡಿಕೊಳ್ಳಲು ಶೇಕಡಾ 5ರಷ್ಟು ಖರ್ಚು ಇದ್ದೇ ಇದೆ. ಸ್ವಲ್ಪವೇ ಬದಲಿಸಹೋದರೆ ಖರ್ಚು ಆ ಸ್ವಲ್ಪಕ್ಕೆ ತಕ್ಕಷ್ಟಿರುವುದಿಲ್ಲ, ಬಹಳ ಮೇಲೇರುತ್ತದೆ. ಪುಕ್ಕಟೆ ಕೋಡ್ ಪುಕ್ಕಟೆಯಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಅತಿಚಿಕ್ಕ ಪ್ಯಾಕೇಜುಗಳ ಕಥೆ ಬೇರೆಯೇ. 2016ರ ಮಾರ್ಚ್ 22ರಂದು ಒಬ್ಬ ಪ್ರೋಗ್ರಾಮರ್ ಹೆಸರಿನ ತಕರಾರೊಂದರಿಂದ ಬೇಸತ್ತು ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಭಂಡಾರದಿಂದ ತನ್ನ ಎಲ್ಲ ಪ್ಯಾಕೇಜುಗಳನ್ನೂ ವಾಪಸು ಪಡೆದ. ಅವುಗಳಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಕೋಡ್ ಒಂದು. ಪದದ ಎಡಕ್ಕೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದು ಕಾಣೆಯಾದೊಡನೆ ಜಗತ್ತಿನಾದ್ಯಂತ ದೊಡ್ಡ ದೊಡ್ಡ ಪ್ರಾಜೆಕ್ಟುಗಳ ಬಿಲ್ಡ್ ನಿಂತವು. ಹನ್ನೊಂದು ಸಾಲು ಬರೆಯಲಾರದವರೇ ಎಂದು ಆಗ ಎಷ್ಟೋ ಜನ ಮೂದಲಿಸಿದರು. ಮೂದಲಿಕೆಗೆ ಉತ್ತರವೂ ಇತ್ತು: ಚಿಕ್ಕದಾದರೂ ಯಾರೋ ಪರೀಕ್ಷಿಸಿದ ಕೋಡ್ ನನ್ನ ಅವಸರದ ಕೋಡಿಗಿಂತ ವಾಸಿ ಅಲ್ಲವೇ ಎಂದು. ಮರುವರ್ಷ ಎನ್‌ಪಿಎಂನ ಎರಡು ಲಕ್ಷಕ್ಕೂ ಹೆಚ್ಚು ಪ್ಯಾಕೇಜುಗಳನ್ನು ಜಾಲಾಡಿದ ಸಂಶೋಧಕರು, ಇಂಥ ಕ್ಷುಲ್ಲಕ ಪ್ಯಾಕೇಜುಗಳಲ್ಲಿ ಪರೀಕ್ಷಾ ಕೋಡ್ ಇರುವುದು ಶೇಕಡಾ 45ರಷ್ಟರಲ್ಲಿ ಮಾತ್ರ ಎಂದು ತೋರಿಸಿದರು. ಇಲ್ಲಿ ನಾನು ಸ್ವಂತ ಕೋಡಿನವರ ಪಕ್ಷ. ಓದಿ ಮುಗಿಸಲು ಎರಡು ನಿಮಿಷ ಸಾಕಾಗುವ ಕೋಡಿಗೆ ಹೊರಗಿನವರ ಮರ್ಜಿ ಕಾಯಬೇಕಿಲ್ಲ.

ಆದರೆ ಅದೇ ಧೈರ್ಯದಲ್ಲಿ ಗೂಢಲಿಪಿಯ ಕೋಡನ್ನೂ ನಾವೇ ಬರೆಯುತ್ತೇವೆ ಎಂದು ಹೊರಟರೆ ನನ್ನ ವಿರೋಧವಿದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಎಲ್ಲರಿಗೂ ಗಾಬರಿ. ಒಂದೇ ಒಂದು ಅಳತೆಯ ತಪಾಸಣೆ ಬಿಟ್ಟುಹೋಗಿತ್ತು, ಅದರಿಂದಾಗಿ ಸರ್ವರಿನ ನೆನಪಿನಿಂದ ಒಮ್ಮೆಗೆ 64 ಕಿಲೋಬೈಟ್‌ವರೆಗೆ ಯಾರು ಬೇಕಾದರೂ ಕದಿಯಬಹುದಿತ್ತು. ಎರಡು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜಗತ್ತಿನ ಬ್ಯಾಂಕು, ಅಂಗಡಿ, ಅಂಚೆ ಎಲ್ಲವೂ ನೆಚ್ಚಿದ್ದ ಆ ಯೋಜನೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಇದನ್ನು ಮರುಬಳಕೆಯ ಸೋಲು ಎನ್ನುವವರಿದ್ದಾರೆ. ಬಳಸಿದವರು ತಮ್ಮ ಪಾಲಿನ ಆರೈಕೆ ಮಾಡದೇ ಹೋದದ್ದೇ ಸೋಲು ಎಂಬುದು ನನ್ನ ನಂಬಿಕೆ. ಸಾವಿರ ಕಂಪನಿಗಳು ಸಾವಿರ ಗೂಢಲಿಪಿ ಲೈಬ್ರರಿ ಬರೆದಿದ್ದರೆ ಸಾವಿರ ಹಾರ್ಟ್‌ಬ್ಲೀಡ್‌ಗಳಿರುತ್ತಿದ್ದವು, ಹೆಚ್ಚಿನವು ಬಯಲಿಗೇ ಬರುತ್ತಿರಲಿಲ್ಲ. ಆ ದುರ್ಘಟನೆಯ ನಂತರ ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳಿಂದ ಹಣ ಕೂಡಿಸಿ ಇಂಥ ಯೋಜನೆಗಳಿಗೆ ಕೊಡಲು ಶುರುಮಾಡಿತು.

ಸಿದ್ಧ ಕೋಡ್, ಸ್ವಂತ ಕೋಡ್ ಈ ಎರಡರ ನಡುವೆ ಮೂರನೆಯ ದಾರಿಯಿದೆ: ಇದ್ದ ಕೋಡನ್ನು ನಕಲು ಮಾಡಿ ಅಂಟಿಸಿ, ಬೇಕಾದಂತೆ ತಿದ್ದಿಕೊಳ್ಳುವುದು. ಪಾಠದ ಕೋಣೆಯಲ್ಲಿ ಇದು ಪಾಪ. 2009ರಲ್ಲಿ ಜರ್ಮನಿಯ ಸಂಶೋಧಕರು ನಿಜವಾದ ಉದ್ಯಮ ವ್ಯವಸ್ಥೆಗಳನ್ನು ಬಗೆದು ನೋಡಿ, ಒಂದು ನಕಲನ್ನು ತಿದ್ದಿ ಇನ್ನೊಂದನ್ನು ಮರೆತ ಕಡೆಗಳಲ್ಲಿ ದೋಷಗಳು ಉಳಿದಿರುವುದನ್ನು ತೋರಿಸಿದರು. ಅದಕ್ಕೆ ಮೂರು ವರ್ಷ ಮೊದಲೇ ಕ್ಯಾಪ್ಸರ್ ಮತ್ತು ಗಾಡ್‌ಫ್ರೇ ಎಂಬಿಬ್ಬರು, ಹೊಸ ಯಂತ್ರಕ್ಕೆ ಡ್ರೈವರ್ ಬರೆಯುವಂಥ ಸಂದರ್ಭದಲ್ಲಿ ಹಳೆಯದನ್ನು ನಕಲು ಮಾಡಿ ಬೇರೆಯಾಗಿ ಬೆಳೆಸುವುದೇ ಸರಿ, ಹಳೆಯದಕ್ಕೆ ಕೈಹಾಕಿದರೆ ಚೆನ್ನಾಗಿರುವುದೂ ಕೆಡಬಹುದು ಎಂದು ವಾದಿಸಿದ್ದರು. ಇಬ್ಬರೂ ನೋಡಿದ ಕೋಡ್ ಬೇರೆ ಬೇರೆ, ಹಾಗಾಗಿ ತೀರ್ಮಾನವೂ ಬೇರೆ. ಇದರಲ್ಲಿ ಯಾರನ್ನೂ ಸುಳ್ಳೆನ್ನಬೇಕಾಗಿಲ್ಲ.

ನಾವು ಕೂತು ಬರೆಯುವ ಪರಿಸರವೂ ಈ ತಕ್ಕಡಿಯನ್ನು ಅತ್ತಿತ್ತ ವಾಲಿಸುತ್ತದೆ, ಅದರ ಬಗ್ಗೆ ಚರ್ಚೆ ಸಾಲದು. ಝೆರಾಕ್ಸ್ ಪಾರ್ಕ್‌ನಲ್ಲಿ ಹುಟ್ಟಿದ ಸ್ಮಾಲ್‌ಟಾಕ್ ಪರಿಸರದಲ್ಲಿ ಸಿದ್ಧ ಭಾಗಗಳ ಒಳಗನ್ನು ಅಲ್ಲಿಯೇ ತೆರೆದು ಓದಬಹುದಿತ್ತು. ಆ ಪ್ರೋಗ್ರಾಮರುಗಳನ್ನು ಹತ್ತಿರದಿಂದ ನೋಡಿದ ಮೇರಿ ಬೆತ್ ರಾಸನ್ ಮತ್ತು ಜಾನ್ ಕ್ಯಾರಲ್, ಅವರು ಒಂದು ಭಾಗವನ್ನು ಎತ್ತಿಕೊಳ್ಳುವಾಗ ಅದನ್ನು ಈಗಾಗಲೇ ಬೇರೆಯವರು ಹೇಗೆ ಬಳಸಿದ್ದಾರೆ ಎಂದು ಹುಡುಕಿ ಆ ಬಳಕೆಯನ್ನೇ ಮಾದರಿ ಮಾಡಿಕೊಳ್ಳುತ್ತಾರೆ ಎಂದು 1996ರಲ್ಲಿ ದಾಖಲಿಸಿದರು. ಈಗಿನ ಪ್ಯಾಕೇಜ್ ಮ್ಯಾನೇಜರುಗಳಲ್ಲಿ ಒಂದು ಸಾಲಿನ ಆಜ್ಞೆ ಸಾಕು, ಒಳಗೆ ಇಣುಕಲು ಯಾರೂ ಒತ್ತಾಯಿಸುವುದಿಲ್ಲ. ತರುವುದು ಸುಲಭವಾದಷ್ಟೂ ತಿಳಿಯುವುದು ಐಚ್ಛಿಕವಾಗಿದೆ.

ಕೃತಕ ಬುದ್ಧಿಮತ್ತೆಯ ಸಹಾಯಕಗಳು ಬಂದು ಲೆಕ್ಕ ಮತ್ತೆ ತಿರುವುಮುರುವಾಗಿದೆ. ಸ್ವಂತ ಕೋಡ್ ಬರೆಯುವುದೇ ಈಗ ಅಗ್ಗ. 95 ಜನರ ಮೇಲೆ ನಡೆಸಿದ ಪ್ರಯೋಗವೊಂದರಲ್ಲಿ ಗಿಟ್‌ಹಬ್ ಕೋಪೈಲಟ್ ಬಳಸಿದವರು ಚಿಕ್ಕ ವೆಬ್ ಸರ್ವರ್ ಬರೆಯುವ ಕೆಲಸವನ್ನು ಶೇಕಡಾ 56ರಷ್ಟು ಬೇಗ ಮುಗಿಸಿದರು. 2025ರಲ್ಲಿ ಮೀಟರ್ ಎಂಬ ಸಂಸ್ಥೆ 16 ಅನುಭವಿ ಪ್ರೋಗ್ರಾಮರುಗಳನ್ನು ಅವರವರಿಗೆ ಚೆನ್ನಾಗಿ ಪರಿಚಯವಿರುವ ದೊಡ್ಡ ಮುಕ್ತ ಯೋಜನೆಗಳಲ್ಲಿ ಗಮನಿಸಿದಾಗ, ಸಹಾಯಕ ಬಳಸಿದಾಗ ಕೆಲಸ ಶೇಕಡಾ 19ರಷ್ಟು ನಿಧಾನವಾಗಿತ್ತು. ಅವರು ಮಾತ್ರ ತಮ್ಮ ಕೆಲಸ ಶೇಕಡಾ 20ರಷ್ಟು ಬೇಗವಾಯಿತೆಂದೇ ನಂಬಿದ್ದರು. ಖಾಲಿ ಹಾಳೆಯಲ್ಲಿ ಚಿಕ್ಕದೊಂದನ್ನು ಬರೆಯುವುದಕ್ಕೂ ಹತ್ತು ವರ್ಷದ ಕೋಡಿನೊಳಗೆ ಒಂದು ಸಾಲು ಸೇರಿಸುವುದಕ್ಕೂ ಇರುವ ಅಂತರ ಇದು. ಲೈಬ್ರರಿಯನ್ನು ಬಿಟ್ಟು ಯಂತ್ರದಿಂದ ಬರೆಸಿಕೊಂಡ ಕೋಡಿಗೆ ಹೊರಗಿನ ಮಾಲೀಕನ ಕಾಟವಿಲ್ಲ ನಿಜ. ನಾಳೆ ಅದರಲ್ಲಿ ಹಾರ್ಟ್‌ಬ್ಲೀಡ್‌ನಂಥದ್ದು ಇದ್ದರೆ ಎಚ್ಚರಿಸುವ ಸಾವಿರ ಕಣ್ಣುಗಳೂ ಇಲ್ಲ.

ನನ್ನ ತೀರ್ಪು ಮರುಬಳಕೆಯ ಕಡೆಗೇ, ಷರತ್ತಿನೊಂದಿಗೆ. ಗೂಢಲಿಪಿ, ಅಕ್ಷರ ಮೂಡಿಸುವಿಕೆ, ದಿನಾಂಕ ಮತ್ತು ಸಮಯವಲಯ, ಡೇಟಾಬೇಸ್ ಇವೆಲ್ಲ ಎಷ್ಟೋ ಜನರ ಎಷ್ಟೋ ವರ್ಷದ ಅನುಭವ ಕೂಡಿ ಆದವು, ಇವನ್ನು ಒಂದು ತಂಡ ಹೊಸದಾಗಿ ಬರೆಯಹೊರಡುವುದು ಬಳಕೆದಾರರಿಗೆ ಮಾಡುವ ಅನ್ಯಾಯ. ನಮ್ಮ ವ್ಯವಹಾರದ ತಿರುಳು ಮತ್ತು ಹತ್ತಿಪ್ಪತ್ತು ಸಾಲಿನ ಚಿಲ್ಲರೆ ಕೆಲಸಗಳನ್ನು ನಾವೇ ಬರೆಯೋಣ. ತಂದ ಪ್ರತಿ ಭಾಗವನ್ನೂ ನಮ್ಮ ಹಾರುಪಥದಲ್ಲಿ ಓಡಿಸಿ ನೋಡುವ ಪರೀಕ್ಷೆಯನ್ನು ಮಾತ್ರ ನಮಗಾಗಿ ಬೇರೆಯವರು ಬರೆದುಕೊಡುವುದಿಲ್ಲ, ಅದಕ್ಕೆ ಹಣ ಮತ್ತು ಸಮಯವನ್ನು ಪ್ರಾಜೆಕ್ಟಿನ ಅಂದಾಜಿನಲ್ಲೇ ಇಡಬೇಕು.

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಕಚೇರಿಗಳಲ್ಲಿ ಈ ಅಂದಾಜು ಬರೆಯುವ ಕನ್ನಡಿಗರು ಸಾಕಷ್ಟಿದ್ದೀರಿ. ನಿಮ್ಮ ಉತ್ಪನ್ನ ನೆಚ್ಚಿರುವ ಐದು ಮುಖ್ಯ ಲೈಬ್ರರಿಗಳ ಪಟ್ಟಿ ಮಾಡಿ, ಅವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ವಿಚಾರಿಸಿ, ನಿಮ್ಮ ತಂಡದ ಒಬ್ಬರಿಗಾದರೂ ಅಲ್ಲಿ ಕೈಜೋಡಿಸಲು ಕಚೇರಿಯ ವೇಳೆಯಲ್ಲೇ ಬಿಡುವು ಕೊಡಿ. ಕನ್ನಡದ ಒಂದು ಒತ್ತಕ್ಷರ ತೆರೆಯ ಮೇಲೆ ತಪ್ಪಾಗಿ ಮೂಡಿದ್ದು ಕಂಡರೆ ಅದರ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಸುಮ್ಮನಾಗಬೇಡಿ, ಆ ಲೈಬ್ರರಿಯವರ ದೂರುಪಟ್ಟಿಯಲ್ಲಿ ಉದಾಹರಣೆಯ ಸಮೇತ ದಾಖಲಿಸಿ.